ಗೋಲ್ಡನ್ ವೀಸಾ ಇದ್ದರೆ ಇಲ್ಲಿ ತೆರಿಗೆ ಇಲ್ಲ ಅಂದವರು ಯಾರು?

ಹೊರದೇಶದ ದೀರ್ಘಾವಧಿ ವೀಸಾ ಮತ್ತು ತೆರಿಗೆ ಬಗ್ಗೆ ತಿಂಗಳು ತಿಂಗಳೂ ಅದೇ ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಒಂದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಎನ್‌ಆರ್‌ಐ ಅಂದರೇನು, ಪ್ಯಾನ್ ಯಾಕೆ ಬೇಕು ಅನ್ನುವುದೆಲ್ಲ ಇಲ್ಲಿಲ್ಲ.

ಪ್ರಶ್ನೆ: 14 ವರ್ಷದಿಂದ ದುಬೈನಲ್ಲಿದ್ದೇನೆ. 10 ವರ್ಷದ ಗೋಲ್ಡನ್ ವೀಸಾ ಇದೆ. ಅಮ್ಮನಿಗೆ ಹುಷಾರಿಲ್ಲದೆ ಜೂನ್ 10ಕ್ಕೆ ಮಂಗಳೂರಿಗೆ ಬಂದೆ, ಫೆಬ್ರವರಿ 5ಕ್ಕೆ ವಾಪಸ್ ಹೋದೆ. ಮೊದಲೆಲ್ಲ ವರ್ಷಕ್ಕೆ ಒಂದು ತಿಂಗಳ ರಜೆಯಷ್ಟೇ. ಅಲ್ಲಿನ ಫ್ಲ್ಯಾಟಿನಿಂದ ಬಾಡಿಗೆ ಬರುತ್ತದೆ. ವೀಸಾ ಇದೆಯಲ್ಲ, ನಾನು ಎನ್‌ಆರ್‌ಐ ತಾನೇ?

ಅಲ್ಲ. ಆ ವರ್ಷಕ್ಕೆ ನೀವು ಭಾರತದ ನಿವಾಸಿ. ವೀಸಾ ನಿಮ್ಮನ್ನು ದುಬೈ ಒಳಗೆ ಬಿಡುತ್ತದೆ, ಅಷ್ಟೇ. ನಮ್ಮ ಕಾಯ್ದೆ ಕೇಳುವುದು ಇಲ್ಲಿ ಎಷ್ಟು ದಿನ ಇದ್ದಿರಿ ಅಂತ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ತುಂಬಿದರೆ ನೀವು ನಿವಾಸಿ. 1961ರ ಕಾಯ್ದೆ ಹೋಗಿ 2025ರದ್ದು ಬಂದರೂ ಈ ಲೆಕ್ಕ ಬದಲಾಗಿಲ್ಲ.

ಕ್ಯಾಲೆಂಡರ್ ತೆಗೆದು ನನ್ನ ಜೊತೆ ಎಣಿಸಿ. ಜೂನ್‌ನಲ್ಲಿ 21 ದಿನ. ನವೆಂಬರ್ ಮುಗಿದಾಗ 174. ಡಿಸೆಂಬರ್ 8ಕ್ಕೇ 182 ತುಂಬಿತು. ಹೊರಡುವ ಹೊತ್ತಿಗೆ 241. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿದ್ದೇನೆ. ಬಂದ ದಿನ ಬಿಡಬಹುದು ಅಂತ ವಾದ ಮಾಡುವವರಿದ್ದಾರೆ. ನಾನು ಯಾರಿಗೂ ಆ ಸಲಹೆ ಕೊಡುವುದಿಲ್ಲ. ಒಂದು ದಿನಕ್ಕಾಗಿ ಕೇಸು ನಡೆಸುತ್ತೀರಾ?

ಇಲ್ಲಿನ ಆದಾಯವೇ 15 ಲಕ್ಷ ದಾಟುವವರಿಗೆ 182 ಅಲ್ಲ, 120 ದಿನದಿಂದಲೇ ಎಚ್ಚರ ಬೇಕು. ಹಿಂದಿನ 4 ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರು ಆಗಲೇ ನಿವಾಸಿ ಆಗುತ್ತಾರೆ.

ಗೋಲ್ಡನ್ ವೀಸಾದವರೇ ಇದರಲ್ಲಿ ಜಾಸ್ತಿ ಸಿಕ್ಕಿಬೀಳುವುದಕ್ಕೆ ಕಾರಣ ಇದೆ. ಮಾಮೂಲಿ ಯುಎಇ ವೀಸಾ ಇದ್ದವರು ಆರು ತಿಂಗಳು ಹೊರಗಿದ್ದರೆ ವೀಸಾ ಹೋಗುತ್ತದೆ ಅಂತ ಹೆದರಿ ವಿಮಾನ ಹತ್ತುತ್ತಿದ್ದರು. ಆ ಹೆದರಿಕೆಯೇ ಎಷ್ಟೋ ಜನರನ್ನು 182ರ ಒಳಗೆ ಉಳಿಸಿತ್ತು. ಗೋಲ್ಡನ್ ವೀಸಾಕ್ಕೆ ಆ ಕಟ್ಟಿಲ್ಲ. ಎಷ್ಟು ದಿನ ಊರಲ್ಲಿದ್ದರೂ ವೀಸಾ ಹಾಗೇ ಇರುತ್ತದೆ. ದಿನ ಎಣಿಸುವುದನ್ನು ಮರೆಯುತ್ತೀರಿ.

ನಿಮಗೆ ಒಂದು ಸಮಾಧಾನ ಇದೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದವರು, ಅಥವಾ ಹಿಂದಿನ 7 ವರ್ಷದಲ್ಲಿ ಇಲ್ಲಿ 729 ದಿನ ಮೀರದವರು, ನಿವಾಸಿಯಾದರೂ 'ಸಾಮಾನ್ಯ ನಿವಾಸಿ' ಅಲ್ಲ. ಸಿಎಗಳು ಆರ್‌ಎನ್‌ಒಆರ್ ಅನ್ನುವುದು ಇದನ್ನೇ. ನೀವು ಇದರಲ್ಲಿ ಬರುತ್ತೀರಿ. ಹಾಗಾಗಿ ದುಬೈ ಬಾಡಿಗೆಗೆ ಈ ವರ್ಷ ಇಲ್ಲಿ ತೆರಿಗೆ ಇಲ್ಲ.

ಆದರೆ ಬಾಡಿಗೆ ಚೆಕ್ಕು ಮೊದಲು ಎಲ್ಲಿ ಜಮೆ ಆಯಿತು? ದುಬೈ ಬ್ಯಾಂಕಿಗೆ ಬಿದ್ದು, ಆಮೇಲೆ ನೀವು ಇಲ್ಲಿಗೆ ಕಳಿಸಿಕೊಂಡಿದ್ದರೆ ತೊಂದರೆ ಇಲ್ಲ. ಬಾಡಿಗೆದಾರನೇ ನೇರ ಮಂಗಳೂರಿನ ಖಾತೆಗೆ ಹಾಕಿದ್ದರೆ ಅದು ಭಾರತದಲ್ಲಿ ಕೈಗೆ ಬಂದ ಆದಾಯ, ತೆರಿಗೆ ಕಟ್ಟಬೇಕು. ಹಾಗೆಯೇ, ಅಮ್ಮನ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ದುಬೈ ಕಂಪನಿಗೆ ಕೆಲಸ ಮಾಡಿದ್ದರೆ ಆ ದಿನಗಳ ಸಂಬಳ ಭಾರತದ ಆದಾಯವೇ. ಇದನ್ನು ಯಾರೂ ನನಗೆ ತಾವಾಗಿ ಹೇಳುವುದಿಲ್ಲ, ನಾನೇ ಕೆದಕಿ ಕೇಳಬೇಕು.

ಇನ್ನು ಕೆಲವು ಏಜೆಂಟರು. ಹೋಟೆಲಿನಲ್ಲಿ ಸಭೆ ಕರೆದು, 'ಅಲ್ಲಿ 90 ದಿನ ಇದ್ದರೆ ಸಾಕು, ಯುಎಇ ಟಿಆರ್‌ಸಿ (ತೆರಿಗೆ ನಿವಾಸಿ ಅನ್ನುವ ಪ್ರಮಾಣಪತ್ರ) ಕೊಡಿಸುತ್ತೇವೆ, ಭಾರತ ನಿಮ್ಮನ್ನು ಮುಟ್ಟುವುದಿಲ್ಲ' ಅನ್ನುತ್ತಾರೆ. 90 ದಿನ ಅನ್ನುವುದು ಯುಎಇಯ ಒಳಗಿನ ನಿಯಮ. ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದದಲ್ಲಿರುವುದು ಕ್ಯಾಲೆಂಡರ್ ವರ್ಷದಲ್ಲಿ ಯುಎಇಯಲ್ಲಿ 183 ದಿನ. ಜೂನ್‌ನಿಂದ ಡಿಸೆಂಬರ್‌ವರೆಗೆ ಊರಲ್ಲೇ ಇದ್ದ ನಿಮಗೆ ಅದು ಸಿಗುವುದಿಲ್ಲ. ಅರ್ಧ ನಿಯಮ ಹೇಳಿ ಫೀಸು ತೆಗೆದುಕೊಳ್ಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮುಂದೆ ನೋಟಿಸು ಬಂದಾಗ ಅವರು ಫೋನ್ ಎತ್ತುವುದಿಲ್ಲ.

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹೋದ ವರ್ಷ ಒಬ್ಬರು ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರು. ದುಬೈಯಲ್ಲಿ ಸ್ಮಾರ್ಟ್ ಗೇಟ್ ದಾಟಿದ್ದಕ್ಕೆ ಅಲ್ಲಿನ ಮೊಹರು ಒಂದೂ ಇಲ್ಲ. ಇಲ್ಲಿನ ಒಂದು ಮೊಹರಿನಲ್ಲಿ ತಿಂಗಳು 3 ಅಥವಾ 8, ಗೊತ್ತಾಗದಷ್ಟು ಶಾಯಿ ಹರಡಿತ್ತು. ಹಳೆಯ ಟಿಕೆಟ್ ಇಮೇಲ್‌ಗಳನ್ನು ಹುಡುಕಿ ದಿನ ಹೊಂದಿಸಲು ಎರಡು ಸಂಜೆ ಹೋಯಿತು.

ಅಮ್ಮನಿಗಾಗಿ ಮುಂದಿನ ವರ್ಷವೂ ಇಲ್ಲೇ ಇರಬೇಕಾದರೆ ಇರಿ. ಆರ್‌ಎನ್‌ಒಆರ್ ಇನ್ನೊಂದು ವರ್ಷ ಸಿಗುತ್ತದೆ. ಮೂರನೆಯ ವರ್ಷಕ್ಕೆ ನೆಚ್ಚಿಕೊಳ್ಳಬೇಡಿ. ಸಾಮಾನ್ಯ ನಿವಾಸಿ ಆದ ವರ್ಷದಿಂದ ದುಬೈ ಬಾಡಿಗೆಗೂ ಇಲ್ಲಿ ತೆರಿಗೆ, ಫ್ಲ್ಯಾಟನ್ನು ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ.

ಪ್ರಶ್ನೆ: ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೆ ತೆರಿಗೆ ರಿಯಾಯಿತಿ ಇದೆಯೇ?

ಇಲ್ಲ.

ಪ್ರಶ್ನೆ: ಥಾಯ್ಲೆಂಡಿನ 5 ವರ್ಷದ ಡಿಟಿವಿ ವೀಸಾದಲ್ಲಿದ್ದು ಆನ್‌ಲೈನ್ ಕೆಲಸ ಮಾಡಿದರೆ ಅಲ್ಲಿ ತೆರಿಗೆ ಇಲ್ಲವಂತೆ?

ರೀಲ್ಸ್ ನೋಡಿ ದೇಶ ಬಿಡಬೇಡಿ. ಅಲ್ಲಿ ಕೂತು ಮಾಡಿದ ಕೆಲಸದ ದುಡ್ಡು ಅಲ್ಲಿನ ಆದಾಯ. ವಿದೇಶಿ ಆದಾಯಕ್ಕೆ ವಿನಾಯಿತಿ ಇರುವುದು ಎಲ್‌ಟಿಆರ್ ಅನ್ನುವ ಅಲ್ಲಿನ ಇನ್ನೊಂದು ದೀರ್ಘಾವಧಿ ವೀಸಾದ ಕೆಲವು ವರ್ಗಗಳಿಗೆ, ಡಿಟಿವಿಗಲ್ಲ.

ಪ್ರಶ್ನೆ: ಮಗ ನಮಗೆ ಅಮೆರಿಕದ ಗ್ರೀನ್ ಕಾರ್ಡ್ ಮಾಡಿಸಿದ್ದಾನೆ. ಆದರೆ ನಾವು ಇರುವುದು ಮೈಸೂರಿನಲ್ಲೇ. ಅಮೆರಿಕಕ್ಕೆ ಏನೂ ಸಲ್ಲಿಸಬೇಕಿಲ್ಲ ಅಲ್ವಾ?

ಸಲ್ಲಿಸಬೇಕು. ವೀಸಾ ಬೇರೆ, ತೆರಿಗೆ ಬೇರೆ ಅಂತ ಮೇಲೆ ಹೇಳಿದ್ದು ಇಲ್ಲಿ ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ, ಎಲ್ಲೇ ಇದ್ದರೂ ಅಮೆರಿಕ ನಿಮ್ಮನ್ನು ತನ್ನ ತೆರಿಗೆ ನಿವಾಸಿ ಅಂತಲೇ ನೋಡುತ್ತದೆ. ನಿಮ್ಮ ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲ ಅಲ್ಲಿನ ರಿಟರ್ನ್ಸ್‌ನಲ್ಲಿ ಬರಬೇಕು. ಇಲ್ಲಿನ ಖಾತೆಗಳು ಸೇರಿ 10,000 ಡಾಲರ್ ದಾಟಿದರೆ ಅದಕ್ಕೆ ಬೇರೆ ವರದಿ. ಕಾರ್ಡಿನ ಅವಧಿ ಮುಗಿಯಲಿ ಅಂತ ಸುಮ್ನೆ ಕೂತರೂ ಇದು ನಿಲ್ಲುವುದಿಲ್ಲ. ಬೇಡವಾದರೆ ಐ-407 ಫಾರ್ಮ್ ತುಂಬಿ ಕಾರ್ಡ್ ವಾಪಸ್ ಕೊಡಿ, ಅದರ ಪ್ರತಿ ಜೋಪಾನವಾಗಿಡಿ. ಅದಕ್ಕೂ ಮುಂಚೆ ಅಮೆರಿಕದ ತೆರಿಗೆ ಗೊತ್ತಿರುವವರ ಹತ್ತಿರ ಒಮ್ಮೆ ಕೂತು ಮಾತಾಡಿ.