ಪ್ರೀತಿಯಿಂದ ಪಳಗಿಸಿದರೂ ಕುದುರೆ ಬಗ್ಗುತ್ತಿಲ್ಲ. ಮುಳ್ಳಿನ ಕಡಿವಾಣ ಹಾಕಲೇ, ಮಾರಿಬಿಡಲೇ?

ಎರಡೂ ಬೇಡ. ಮೂರು ವರ್ಷದ ಮಾರ್ವಾಡಿ ತಳಿಯ ಹೆಣ್ಣು ಕುದುರೆ, ನಾಲ್ಕು ತಿಂಗಳಿನಿಂದ ಒಂದೇಟೂ ಹೊಡೆದಿಲ್ಲ, ಆದರೂ ಹತ್ತಲು ಹೋದರೆ ಮುಂಗಾಲೆತ್ತಿ ನಿಲ್ಲುತ್ತದೆ ಎಂದು ಬರೆದಿದ್ದೀರಿ. ನಿಮ್ಮದು ಸಿಂಧನೂರು, ನನ್ನದು ಗಂಗಾವತಿ. ಅದೊಂದನ್ನು ಬಿಟ್ಟರೆ ಆರು ವರ್ಷದ ಹಿಂದೆ ನಾನೇ ಕೂತು ಬರೆದ ಪ್ರಶ್ನೆಯಂತಿದೆ.

ಆ ವರ್ಷ ಭತ್ತಕ್ಕೆ ಒಳ್ಳೆಯ ದರ ಸಿಕ್ಕಿತ್ತು. ಗೆಳೆಯರೊಂದಿಗೆ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಗೆ ಸುಮ್ಮನೆ ನೋಡಲು ಹೋದವನು ಕುದುರೆ ಹಿಡಿದುಕೊಂಡು ಬಂದೆ. ತುದಿಗಳು ಒಂದಕ್ಕೊಂದು ತಾಗುವ ಆ ಕಿವಿಗಳನ್ನು ನೋಡಿದ ಮೇಲೆ ಬುದ್ಧಿ ನಿಲ್ಲುವುದು ಕಷ್ಟ, ನಿಮಗೂ ಗೊತ್ತು. ಟ್ರ್ಯಾಕ್ಟರಿನ ಎರಡು ಕಂತು ಬಾಕಿ ಇತ್ತು. ಹೆಂಡತಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅವಳೇ ಹುರುಳಿ ನೆನೆಹಾಕಿದಳು.

ಮೊಬೈಲಿನಲ್ಲಿ ವಿಡಿಯೊ ನೋಡಿ ಪಳಗಿಸಲು ಶುರುಮಾಡಿದೆ. ಹೋದ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಭಾಗದ ದನಗಾಹಿಗಳ ನಡುವೆ ಟಾಮ್ ಡೊರೆನ್ಸ್, ರೇ ಹಂಟ್ ಎಂಬವರು ಬೆಳೆಸಿ ಹರಡಿದ ವಿಧಾನ ಅದು. ಹೊಡೆತವಿಲ್ಲ, ಕಟ್ಟಿ ಕೆಡವುವುದಿಲ್ಲ. ಸಣ್ಣ ಒತ್ತಡ ಕೊಡು, ಕುದುರೆ ಬೇಕಾದ ಕಡೆಗೆ ಮನಸ್ಸು ಮಾಡಿದ ಕೂಡಲೇ ಬಿಡು, ಇಷ್ಟೇ. ನಾನು ಕೆಟ್ಟದ್ದು ಆ ಕೊನೆಯ ಮಾತಿನಲ್ಲಿ. ‘ಬಿಡು’ ಎಂದದ್ದನ್ನು ‘ಪಾಪ, ಬಿಡು’ ಎಂದು ಕೇಳಿಸಿಕೊಂಡೆ.

ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಸರವಾದರೂ ಓದಿ. ಹಗ್ಗ ಹಿಡಿದು ಮುಂದೆ ಎಳೆಯುತ್ತಿದ್ದೆ. ಅದು ತಲೆ ಕೊಡವುತ್ತಿತ್ತು. ಅಯ್ಯೋ ನೋವಾಯಿತೇನೋ ಎಂದು ಹಗ್ಗ ಸಡಿಲಿಸುತ್ತಿದ್ದೆ. ಬೆನ್ನ ಮೇಲೆ ಗೋಣಿಚೀಲ ಇಡುತ್ತಿದ್ದೆ. ಅದು ಮೈ ನಡುಗಿಸಿ ಪಕ್ಕಕ್ಕೆ ಜಿಗಿಯುತ್ತಿತ್ತು. ಹೆದರಿದೆ ಪಾಪ ಎಂದು ಚೀಲ ತೆಗೆಯುತ್ತಿದ್ದೆ. ಜೀನಿಗೆ ತೂಗುವ ರಿಕಾಪಿನಲ್ಲಿ ಕಾಲಿಟ್ಟರೆ ಮುಂಗಾಲು ನೆಲ ಬಿಡುತ್ತಿತ್ತು. ಇಳಿದು, ಕುತ್ತಿಗೆ ತಟ್ಟಿ, ಒಂದು ತುಂಡು ಬೆಲ್ಲವನ್ನೂ ಕೊಡುತ್ತಿದ್ದೆ. ಕುದುರೆಯ ಕಡೆಯಿಂದ ಲೆಕ್ಕ ಹಾಕಿ. ತಲೆ ಕೊಡವಿದರೆ ಹಗ್ಗ ಹೋಗುತ್ತದೆ, ಜಿಗಿದರೆ ಚೀಲ ಹೋಗುತ್ತದೆ, ಎದ್ದು ನಿಂತರೆ ಮನುಷ್ಯನೇ ಹೋಗುತ್ತಾನೆ, ಮೇಲೆ ಬೆಲ್ಲ ಬರುತ್ತದೆ. ಹೊಟ್ಟೆನೋವು ಎಂದಾಗಲೆಲ್ಲ ಹುಡುಗನನ್ನು ಶಾಲೆಯಿಂದ ಮನೆಗೆ ಕಳಿಸಿದರೆ ಅವನು ಮಗ್ಗಿ ಕಲಿಯುತ್ತಾನೆಯೇ? ಹೊಟ್ಟೆನೋವನ್ನೇ ಕಲಿಯುತ್ತಾನೆ.

ಎಳೆತ ಕುದುರೆಗೆ ಏನನ್ನೂ ಕಲಿಸುವುದಿಲ್ಲ, ಅದನ್ನು ಯೋಚನೆಗೆ ಹಚ್ಚುತ್ತದೆ ಅಷ್ಟೆ. ಎಳೆತ ನಿಂತ ಗಳಿಗೆಯಲ್ಲಿ ಅದರ ಮೈ ಏನು ಮಾಡುತ್ತಿತ್ತೋ ಅದನ್ನೇ ‘ಸರಿಯುತ್ತರ’ ಎಂದು ಇಟ್ಟುಕೊಳ್ಳುತ್ತದೆ. ಆ ಗಳಿಗೆ ಅರ್ಧ ಸೆಕೆಂಡಿನದು. ನಾನು ದಿನಕ್ಕೆ ನಲವತ್ತು ಸಲ, ಆ ಅರ್ಧ ಸೆಕೆಂಡನ್ನು ಬಹಳ ಕರಾರುವಾಕ್ಕಾಗಿ, ತಪ್ಪು ಜಾಗದಲ್ಲಿ ಕೊಟ್ಟೆ. ಮೊದಲ ವಾರ ತಲೆ ಕೊಡವುವುದು, ಎರಡನೆಯ ತಿಂಗಳಿಗೆ ಒಂದು ಕಾಲೆತ್ತುವುದು, ನಾಲ್ಕನೆಯ ತಿಂಗಳಿಗೆ ಹಿಂಗಾಲ ಮೇಲೆ ನೇರ ನಿಲ್ಲುವುದು. ಎಲ್ಲವೂ ನಾನು ಹಂತಹಂತವಾಗಿ ಕಲಿಸಿದ ವಿದ್ಯೆ. ಕುದುರೆ ಮೊಂಡು ಎಂದು ಮಾತ್ರ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎಡದಂಡೆ ಕಾಲುವೆಯ ಮೇಲಿನ ಸಣ್ಣ ಸೇತುವೆಯ ಹತ್ತಿರ ಒಂದು ಬೆಳಿಗ್ಗೆ ಗೊಬ್ಬರದ ಚೀಲ ಹೇರಿಕೊಂಡ ಬೈಕ್ ಎದುರು ಬಂತು. ಕುದುರೆ ಎದ್ದಿತು, ನಾನು ಅಭ್ಯಾಸಬಲದಿಂದ ಲಗಾಮು ಬಿಟ್ಟೆ. ಮುಂದಿನದು ನೆನಪಿರುವುದು ಬಲಭುಜ ಕಲ್ಲಿಗೆ ಬಡಿದ ಸದ್ದು. ಕೊರಳೆಲುಬು ಎರಡು ತುಂಡು, ಆರು ವಾರ ಕೈ ಜೋಳಿಗೆಯಲ್ಲಿ, ಅದೂ ನಾಟಿಯ ಹೊತ್ತಿನಲ್ಲಿ. ಆಸ್ಪತ್ರೆಯ ಖರ್ಚು, ಕೂಲಿಯ ಖರ್ಚು ಸೇರಿ ಕುದುರೆಯ ಅರ್ಧ ಬೆಲೆ ಮತ್ತೆ ಹೋಯಿತು.

ಆಗ ಮನೆಗೆ ಬಂದವರು ಟಾಂಗಾ ಕಾಕಾ. ಗಂಗಾವತಿ ಬಸ್ ನಿಲ್ದಾಣದ ಎದುರು ಆಟೊಗಳು ತುಂಬುವವರೆಗೂ ಟಾಂಗಾ ಹೊಡೆದವರು. ವಿಡಿಯೊ ಗಿಡಿಯೊ ನೋಡಿದವರಲ್ಲ. ಕುದುರೆಯನ್ನು ಒಂದು ಸುತ್ತು ನೋಡಿ, “ಒಳ್ಳೆಯ ಮೇಷ್ಟ್ರು ನೀನು ತಮ್ಮಾ, ಹೇಳಿಕೊಟ್ಟದ್ದನ್ನು ಒಂದೂ ಮರೆತಿಲ್ಲ ಇದು” ಎಂದರು. ಕೈ ಸರಿಯಿದ್ದಿದ್ದರೆ ಎದ್ದು ಹೋಗುತ್ತಿದ್ದೆ.

ಕಡಿವಾಣ ತೆಗೆಸಿ, ಮುಖಕ್ಕೆ ಬರಿಯ ಹಗ್ಗದ ಪಟ್ಟಿ ಕಟ್ಟಿಸಿದರು. ಭುಜದ ಪಕ್ಕ ನಿಂತು ಎರಡೇ ಬೆರಳಿನಲ್ಲಿ ಹಗ್ಗವನ್ನು ಮುಂದಕ್ಕೆ ಬಿಗಿದರು. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಎರಡು ಬೆರಳು ಧಾರಾಳವಾಯಿತು. ಅದು ತಲೆ ಕೊಡವಿತು. ಕಾಕಾ ಎಳೆತ ಹೆಚ್ಚಿಸಲಿಲ್ಲ, ಕಡಿಮೆಯೂ ಮಾಡಲಿಲ್ಲ. ತಲೆ ಹೋದಲ್ಲಿಗೆ ಕೈ ಹೋಯಿತು, ಬಿಗಿ ಅಷ್ಟೇ ಇತ್ತು. ಕಾಲೆತ್ತಿತು. ಆಗಲೂ ಅಷ್ಟೇ. ಆಮೇಲೆ ಬೇಸತ್ತು ಮೈಭಾರವನ್ನು ಸ್ವಲ್ಪ ಮುಂದಕ್ಕೆ ವಾಲಿಸಿತು. ಗೊರಸು ನೆಲಕ್ಕೆ ತಾಗುವ ಮೊದಲೇ ಹಗ್ಗ ಸಡಿಲ. ಬೆಲ್ಲವಿಲ್ಲ, ಭೇಷ್ ಎನ್ನಲಿಲ್ಲ. ಬೇರೆ ಕಡೆ ಮುಖ ಮಾಡಿ ಬೀಡಿ ಹಚ್ಚಿದರು. ಕುದುರೆ ತಲೆ ತಗ್ಗಿಸಿ ಬಾಯಿ ಚಪ್ಪರಿಸಿತು. ಬೀಡಿ ಮುಗಿದ ಮೇಲೆ ಮತ್ತೆ ಒಂದು ಸಲ. ಅವತ್ತಿಗೆ ಒಟ್ಟು ಇಪ್ಪತ್ತು ನಿಮಿಷ. ಎಡಗಡೆ ಕಲಿತದ್ದನ್ನು ಮರುದಿನ ಬಲಗಡೆ ಮೊದಲಿನಿಂದ ಕಲಿಸಿದರು, ಒಂದು ಮಗ್ಗುಲಿನಲ್ಲಿ ಕಲಿತದ್ದನ್ನು ಕುದುರೆ ಇನ್ನೊಂದು ಮಗ್ಗುಲಿಗೆ ತಾನಾಗಿ ಪೂರ್ತಿ ಒಯ್ಯುತ್ತದೆ ಎಂದು ನೆಚ್ಚುವಂತಿಲ್ಲ. ಗೋಣಿಚೀಲಕ್ಕೂ ಅದೇ ಕಟ್ಟಳೆ. ಜಿಗಿಯುವಾಗ ಚೀಲ ಬೆನ್ನಿನ ಮೇಲೇ ಇರುತ್ತದೆ, ಒಂದು ಉಸಿರು ಸುಮ್ಮನೆ ನಿಂತರೆ ಕೆಳಗಿಳಿಯುತ್ತದೆ.

ಈಗ ನಿಮ್ಮ ಮುಳ್ಳಿನ ಕಡಿವಾಣ. ಕಡಿವಾಣ ಕೂರುವುದು ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವಿನ ಖಾಲಿ ಒಸಡಿನಲ್ಲಿ. ಅಲ್ಲಿ ತೆಳ್ಳಗಿನ ಚರ್ಮ, ಅದರ ಕೆಳಗೆ ನೇರ ಎಲುಬು. ಕುದುರೆ ಎದ್ದು ನಿಲ್ಲುವುದಾದರೂ ಏಕೆ? ಹಿಮ್ಮಡಿಯಿಂದ ‘ನಡೆ’ ಎನ್ನುತ್ತೀರಿ, ಲಗಾಮಿನಿಂದ ‘ನಿಲ್ಲು’ ಎನ್ನುತ್ತೀರಿ. ಹಿಂದಿನ ಬಾಗಿಲೂ ಮುಂದಿನ ಬಾಗಿಲೂ ಮುಚ್ಚಿದಾಗ ತೆರೆದಿರುವುದು ಮೇಲಿನದೊಂದೇ. ಬಾಯಿಗೆ ಮುಳ್ಳು ತುರುಕಿದರೆ ಮುಂದಿನ ಬಾಗಿಲಿಗೆ ಇನ್ನೊಂದು ಬೀಗ ಹಾಕಿದಂತೆ. ನೇರ ಹಿಂದಕ್ಕೆ, ನಿಮ್ಮ ಮೇಲೆಯೇ ಬಿದ್ದರೆ ಕೊರಳೆಲುಬಿಗೆ ಮುಗಿಯುವುದಿಲ್ಲ. ಮೇಲಾಗಿ ಮುಳ್ಳಿನ ಕಡಿವಾಣ ಕಾನೂನಿಗೆ ವಿರುದ್ಧ. ಭಾರ ಹೊರುವ, ಎಳೆಯುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ.

ಮಾರುವ ಮಾತಿಗೆ ಬಂದರೆ, ಎದ್ದು ನಿಲ್ಲುವ ಕುದುರೆಗೆ ಯಾರು ಬೆಲೆ ಕೊಡುತ್ತಾರೆ? ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವಿಜಯನಗರದ ಅರಸ ಸಾಳುವ ನರಸಿಂಹ ಪೂರ್ತಿ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಂಥ ಗಿರಾಕಿಗಳು ಈಗ ಹೊಳೆಯ ಆಚೆಗೂ ಇಲ್ಲ, ಈಚೆಗೂ ಇಲ್ಲ. ಕೊಂಡವನು ಮೊದಲ ದಿನವೇ ಬಾರುಕೋಲು ಹಿಡಿಯುತ್ತಾನೆ, ನೀವು ಕಲಿಸಿದ್ದಕ್ಕೆ ಅದು ಏಟು ತಿನ್ನುತ್ತದೆ.

ಮೊದಲು ಪಶುವೈದ್ಯರಿಗೆ ಕುದುರೆಯ ಬಾಯಿ, ಹಲ್ಲು, ಬೆನ್ನು ತೋರಿಸಿ. ನೋವಿದ್ದರೆ ಮೇಲಿನ ನನ್ನ ಮಾತೆಲ್ಲ ವ್ಯರ್ಥ. ಮೂರು ವರ್ಷಕ್ಕೆ ಬೆನ್ನೆಲುಬು ಇನ್ನೂ ಬಲಿತಿರುವುದಿಲ್ಲ, ಸವಾರಿಯನ್ನು ವರ್ಷ ಕಾಲ ಮರೆತುಬಿಡಿ, ಹಗ್ಗ ಹಿಡಿದು ನಡೆಸಿ. ನಿಮ್ಮ ತೂಕವನ್ನೂ ನೋಡಿಕೊಳ್ಳಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ಬಲ್ಲವರ ಲೆಕ್ಕ. ರೈಸ್ ಮಿಲ್ಲಿನ ವೇಬ್ರಿಡ್ಜ್ ಮೇಲೆ ನನ್ನ ಕುದುರೆಯನ್ನು ನಿಲ್ಲಿಸಿದಾಗ 380 ಕಿಲೋ ತೋರಿಸಿತು. ಅಂದರೆ 76. ನಾನೊಬ್ಬನೇ ಆಗ 84 ಇದ್ದೆ. ರಾತ್ರಿಯ ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬಂದದ್ದು ಡಾಕ್ಟರು ಹೇಳಿದ್ದಕ್ಕಲ್ಲ.

ತಪ್ಪು ಕಲಿಸಲು ನಾಲ್ಕು ತಿಂಗಳು ಸಾಕಾಗಿತ್ತು. ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಆನೆಗೊಂದಿಯವರೆಗೆ ಬಂಡೆಗಳ ನಡುವಿನ ದಾರಿಯಲ್ಲಿ ಲಗಾಮನ್ನು ಕುತ್ತಿಗೆಯ ಮೇಲೆ ಚೆಲ್ಲಿ ಹೋಗಿ ಬರುತ್ತೇನೆ. ಕಾಲುವೆಯ ಆ ಸೇತುವೆ ಬಂದಾಗ ಮಾತ್ರ ಅದರ ಕಿವಿ ಇಂದಿಗೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಇಳಿದು, ಹಗ್ಗ ಹಿಡಿದು, ಆಚೆ ದಡದವರೆಗೆ ಜೊತೆಗೆ ನಡೆಯುತ್ತೇನೆ.