ಪ್ರಶ್ನೆ: ದೊಡ್ಡ ಕಂಪನಿಗಳೆಲ್ಲ ಎಐಗೆ ಇಷ್ಟು ದುಡ್ಡು ಸುರಿಯುತ್ತಿರುವಾಗ ಎನ್‌ವಿಡಿಯಾ ಷೇರು ಏರಲೇಬೇಕಲ್ಲ? ಈಗ ಕೊಳ್ಳಲೇ?

‘ಏರಲೇಬೇಕಲ್ಲ’ ಅನ್ನೋದನ್ನು ಓದಿ ನಗು ಬಂತು. 2000ದಲ್ಲಿ ನಾನು ಹೆಂಡತಿಗೆ ಹೇಳಿದ್ದೂ ಇದನ್ನೇ. ಆಗ ಎನ್‌ವಿಡಿಯಾ ಜಾಗದಲ್ಲಿ ಇಂಟೆಲ್ (ಎರಡೂ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಗಳೇ), ಎಐ ಜಾಗದಲ್ಲಿ ಇಂಟರ್‌ನೆಟ್.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಇಂಟೆಲ್ ಚಿಪ್ ಇರುವ ಸರ್ವರ್‌ಗಳ, ಅಂದರೆ ಇಂಟರ್‌ನೆಟ್ ನಡೆಸುವ ಕಂಪ್ಯೂಟರ್‌ಗಳ ಆರ್ಡರ್ ನನ್ನ ಸಹಿ ಇಲ್ಲದೆ ಹೋಗುತ್ತಿರಲಿಲ್ಲ. ಹಾಗಾಗಿ ಒಳಗಿನ ಕತೆ ನನಗೆ ಗೊತ್ತು ಅನ್ನೋ ಜಂಬ. ಮೈಸೂರಲ್ಲಿ ಸೈಟು ತಗೊಳ್ಳೋಕೆ ಕೂಡಿಟ್ಟಿದ್ದ ದುಡ್ಡನ್ನೆಲ್ಲ ಆಗಸ್ಟ್ ಕೊನೆಗೆ ಇಂಟೆಲ್‌ಗೆ ಹಾಕಿದೆ, ಹೆಚ್ಚುಕಮ್ಮಿ 75 ಡಾಲರ್‌ಗೆ. ಸೆಪ್ಟೆಂಬರ್ 21ರ ಸಂಜೆ ಇಂಟೆಲ್ ಒಂದು ಪ್ರಕಟಣೆ ಕೊಟ್ಟಿತು: ಯುರೋಪಿನಲ್ಲಿ ಬೇಡಿಕೆ ಸ್ವಲ್ಪ ಸಪ್ಪೆ, ಈ ತ್ರೈಮಾಸಿಕದಲ್ಲಿ ಮಾರಾಟ 3ರಿಂದ 5 ಶೇಕಡಾ ಮಾತ್ರ ಏರಬಹುದು. ಗಮನಿಸಿ, ಏರಬಹುದು ಅಂತಲೇ ಹೇಳಿದ್ದು! ಆದರೆ ಎಲ್ಲರೂ ಅದಕ್ಕಿಂತ ಜಾಸ್ತಿ ಅಂದುಕೊಂಡಿದ್ದರು, ಮಾರನೇ ದಿನ ಷೇರು ಶೇಕಡಾ 22 ಬಿತ್ತು.

ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ತರಿಸಿದ ಸರ್ವರ್‌ಗಳಲ್ಲಿ ಅರ್ಧಕ್ಕರ್ಧ ಪೆಟ್ಟಿಗೆಯಿಂದ ಆಚೆ ಬಂದಿರಲೇ ಇಲ್ಲ. ಕಾರಿಡಾರ್‌ನಲ್ಲಿ ಸೊಂಟದೆತ್ತರ ಪೇರಿಸಿದ್ದೆವು. ನಾನು ದಿನಾ ಕಾಫಿ ಲೋಟ ಇಡುತ್ತಿದ್ದುದು ಅದರ ಮೇಲೆಯೇ, ರಟ್ಟಿನ ತುಂಬ ಗುಂಡು ಗುಂಡು ಕಲೆ. ಆ ಲೋಟ ಎತ್ತಿಕೊಂಡು ಹೋಗಿ ಮುಂದಿನ ಆರ್ಡರ್‌ಗೆ ಸಹಿ ಹಾಕುತ್ತಿದ್ದೆ! ಆರ್ಡರ್ ಎಣಿಸಿದೆ, ಬಳಕೆ ನೋಡಲಿಲ್ಲ. ಜಾತ್ರೆಗೆ ಮುಂಚೆ ಅಂಗಡಿಯವನು ಹತ್ತು ಮೂಟೆ ಬೆಲ್ಲ ಇಳಿಸಿಕೊಂಡ ಮಾತ್ರಕ್ಕೆ ಬೆಲ್ಲ ಖರ್ಚಾದಂತಲ್ಲ. ಜಾತ್ರೆ ಸಪ್ಪೆಯಾದರೆ ಮುಂದಿನ ಆರು ತಿಂಗಳು ಅವನು ಗಾಣದ ಕಡೆ ತಲೆಯೂ ಹಾಕುವುದಿಲ್ಲ. ಅದರ ಜೊತೆಗೆ 2000ನೇ ಇಸವಿ ಬಂದಾಗ ಹಳೇ ಕಂಪ್ಯೂಟರ್‌ಗಳು ತಾರೀಖು ತಪ್ಪಿ ಕೈಕೊಡುತ್ತವೆ ಅನ್ನೋ ‘ವೈಟುಕೆ’ ಭಯಕ್ಕೆ ಎಷ್ಟೋ ಆಫೀಸುಗಳು 1999ರಲ್ಲೇ ಹೊಸ ಯಂತ್ರ ತಗೊಂಡು ಮುಗಿಸಿದ್ದವು. ನಮ್ಮ ಕಂಪನಿ ಮುಚ್ಚಿದಾಗ ಆ ಪೆಟ್ಟಿಗೆಗಳು ಸೀಲ್ ಒಡೆಯದೆ ಅಗ್ಗಕ್ಕೆ ಹೋದವು. ಅವನ್ನು ಕೊಂಡವನು ಹೊಸ ಸರ್ವರ್ ಯಾಕೆ ಕೊಳ್ಳುತ್ತಾನೆ ಹೇಳಿ?

2000ದಲ್ಲಿ 33.7 ಬಿಲಿಯನ್ ಡಾಲರ್ ಇದ್ದ ಇಂಟೆಲ್ ಆದಾಯ ಮರುವರ್ಷ 26.5 ಬಿಲಿಯನ್. ಲಾಭ ಮಾತ್ರ 10.5ರಿಂದ 1.3 ಬಿಲಿಯನ್‌ಗೆ ಕುಸಿಯಿತು. ಚಿಪ್ ಕಾರ್ಖಾನೆಯ ಖರ್ಚು ಮಾರಾಟದ ಜೊತೆ ಇಳಿಯಲ್ಲ ನೋಡಿ. 2002ರ ಜುಲೈನಲ್ಲಿ 18 ಡಾಲರ್ ಆಸುಪಾಸಿನಲ್ಲಿ ಮಾರಿ ಕೈತೊಳೆದುಕೊಂಡೆ. ಕಾದಿದ್ದರೆ? 20 ವರ್ಷ ಕಳೆದರೂ ಆ 75 ಮತ್ತೆ ಬರಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎನ್‌ವಿಡಿಯಾ ವ್ಯಾಪಾರ ಸುಳ್ಳಲ್ಲ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಆದಾಯ 60.9ರಿಂದ 130.5 ಬಿಲಿಯನ್ ಡಾಲರ್‌ಗೆ ಏರಿತು. ಮೈಕ್ರೋಸಾಫ್ಟ್, ಗೂಗಲ್, ಮೆಟಾ, ಅಮೆಜಾನ್ ನಮ್ಮ ಕಂಪನಿ ಥರ ಹೂಡಿಕೆದಾರರ ದುಡ್ಡಲ್ಲಿ ಬದುಕುತ್ತಿಲ್ಲ, ಅದೂ ನಿಜ. ಆದರೆ ಅವರು ಖರ್ಚು ಮಾಡುತ್ತಾರೆ ಅನ್ನೋದು ಊರಿಗೆಲ್ಲ ಗೊತ್ತು, ಆ ಸುದ್ದಿ ಷೇರಿನ ಬೆಲೆಯಲ್ಲಿ ಆಗಲೇ ಸೇರಿಹೋಗಿದೆ. ಎಲ್ಲರೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಾರಾ, ಅದನ್ನು ಕೇಳಿ. ಗೂಗಲ್, ಅಮೆಜಾನ್ ತಮ್ಮದೇ ಚಿಪ್ ಮಾಡಿಸಿಕೊಳ್ಳುತ್ತಿರುವುದನ್ನೂ ನೋಡಿ. 2025ರ ಜನವರಿ 27ರಂದು ಚೀನಾದ ಎಐ ಕಂಪನಿ ಡೀಪ್‌ಸೀಕ್ ಕಮ್ಮಿ ಚಿಪ್‌ನಲ್ಲೇ ಕೆಲಸ ಮುಗಿಸಿತು ಅನ್ನೋ ಮಾತಿಗೇ ಎನ್‌ವಿಡಿಯಾ ಷೇರು ಒಂದೇ ದಿನ ಶೇಕಡಾ 17 ಬಿತ್ತು.

ಸೈಟಿನ ದುಡ್ಡು, ಮಕ್ಕಳ ಫೀಸು ಆಗಿದ್ದರೆ ಮುಟ್ಟಲೇಬೇಡಿ. ಸುಮ್ನೆ ಬಿದ್ದಿರೋ ದುಡ್ಡಾದರೆ ನಿಮ್ಮಿಷ್ಟ. ನಾನಂತೂ ಕೊಂಡಿಲ್ಲ, ಹೋದ ಏರಿಕೆಯೂ ತಪ್ಪಿತು. ಅದಕ್ಕೆ ಬೇಜಾರಿಲ್ಲ. ಆ ಮೈಸೂರಿನ ಸೈಟಿಗೆ ಈಗೆಷ್ಟು ಅಂತ ಹೆಂಡತಿ ಹೇಳಿದಾಗ ಮಾತ್ರ ಬೇಜಾರಾಗುತ್ತೆ.