ಮಂಗಳವಾರ ಬೀಡಿ ಬ್ರಾಂಚ್, ಮಂಗಳವಾರವೇ ಥೆರಪಿ

(2024ರ ಪ್ರಕರಣ. ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ಕೌನ್ಸೆಲಿಂಗಿಗೆ ಬಂದವರು ಕೇರಳದ ಕಾಸರಗೋಡು ಜಿಲ್ಲೆಯ ಒಳನಾಡಿನ 41 ವರ್ಷದ ವಿಧವೆ. ಕೇಂದ್ರದಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ‘ಅಕ್ಕ’ ಎಂದೇ ಕರೆಯೋಣ. ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಬಿಗಿಯುವ ಸ್ಥಿತಿ) ಇರುವ 13ರ ಮಗ, ಜೊತೆಗೆ ಮೊಣಕಾಲು ನೋವಿನ ಅತ್ತೆ. ಮನೆಮಾತು ತುಳು, ಓದು ಬರಹ ಕನ್ನಡದಲ್ಲಿ ಏಳನೆಯವರೆಗೆ. ಕಳಿಸಿದವರು ಮಗನ ಫಿಸಿಯೋಥೆರಪಿಸ್ಟ್. ಅವರ ಪತ್ರ ಹೀಗಿತ್ತು: “ಮೂರು ತಿಂಗಳಲ್ಲಿ 24 ಸಲ ಬರಬೇಕಿತ್ತು, ಬಂದದ್ದು 9. ಚಿಕಿತ್ಸೆ ಉಚಿತ. ಎರಡು ಪಿಂಚಣಿ, ಪಿಂಕ್ ರೇಷನ್ ಕಾರ್ಡು ಇದೆ. ಹಣದ ಅಡಚಣೆ ಕಾಣುವುದಿಲ್ಲ. ಮೊಬೈಲ್ ಇದೆ. ತಾಯಿ ಸಹಕರಿಸುತ್ತಿಲ್ಲ, ಕೌನ್ಸೆಲಿಂಗ್ ಅಗತ್ಯ.”

ಪತ್ರ ಬರೆದವರ ಕಾಳಜಿ ಸುಳ್ಳಲ್ಲ. ಹದಿಮೂರು ಅಂದರೆ ಹುಡುಗ ಉದ್ದಕ್ಕೆ ಬೆಳೆಯುವ ಪ್ರಾಯ. ಎಲುಬು ಬೆಳೆದಷ್ಟು ವೇಗದಲ್ಲಿ ಬಿಗಿದ ಸ್ನಾಯು ಬೆಳೆಯುವುದಿಲ್ಲ. ವ್ಯಾಯಾಮ ತಪ್ಪುತ್ತಲೇ ಹೋದರೆ ಮೊಣಕಾಲು ಮಡಚಿದಲ್ಲೇ ನಿಲ್ಲಬಹುದು. ಆದರೆ ‘ಸಹಕರಿಸುತ್ತಿಲ್ಲ’ ಎಂಬುದು ಪರೀಕ್ಷೆ ಮಾಡಿ ಕಂಡುಕೊಂಡ ಸಂಗತಿಯಲ್ಲ, ಊಹೆ. ಅದು ಒಮ್ಮೆ ಫೈಲಿಗೆ ಏರಿದರೆ ಮುಂದಿನ ಡಾಕ್ಟರೂ ಅದನ್ನೇ ಓದಿ ಮಾತು ಶುರುಮಾಡುತ್ತಾರೆ.

ಮೊದಲ ಭೇಟಿಯಲ್ಲಿ ಭಾವನೆಗಳ ಬಗ್ಗೆ ಏನನ್ನೂ ಕೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟು, ತಪ್ಪಿದ 15 ದಿನಗಳಿಗೆ ಒಂದೊಂದಾಗಿ ಗುರುತು ಹಾಕಿದೆವು. ಥೆರಪಿ ಇದ್ದದ್ದು ಮಂಗಳವಾರ ಮತ್ತು ಶುಕ್ರವಾರ. ಅಕ್ಕ ಮನೆಯಲ್ಲಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಬೀಡಿ ಕಂಪೆನಿಯ ಸಂಗ್ರಹ ಕೇಂದ್ರಕ್ಕೆ, ಕೊಡುವ ದಿನಗಳೂ ಅವೇ. ಬ್ರಾಂಚಿನಲ್ಲಿ ಕಟ್ಟಿದ ಬೀಡಿ ಒಪ್ಪಿಸಿದರೆ ಮಾತ್ರ ಮುಂದಿನ ಎಲೆ, ಹೊಗೆಸೊಪ್ಪು, ನೂಲು ಸಿಗುತ್ತದೆ. ಒಂದು ದಿನ ತಪ್ಪಿದರೆ ಹೋಗುವುದು ಒಂದು ದಿನದ ಸಂಬಳವಲ್ಲ, ಮೂರು ದಿನದ ಕೆಲಸ. ಅತ್ತೆಯ ಮೊಣಕಾಲು ಒಪ್ಪಿದ ವಾರ ಅತ್ತೆಯೇ ಬೀಡಿ ಕೊಂಡುಹೋಗುತ್ತಿದ್ದರು. ಮಗ ಥೆರಪಿಗೆ ಬಂದ 9 ದಿನಗಳೂ ಅವೇ. ತಪ್ಪಿದ್ದರಲ್ಲಿ 7 ಬ್ರಾಂಚಿನ ಲೆಕ್ಕಕ್ಕೆ ಹೋಯಿತು. 4 ದಿನ ತೊಳಿಲುರಪ್ಪು, ಅಂದರೆ ಉದ್ಯೋಗ ಖಾತರಿ ಕೆಲಸ. ಅಲ್ಲಿ ಮೇಟ್ (ಕೆಲಸದ ಮೇಲ್ವಿಚಾರಣೆಯವರು) ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಫೋನಿನಲ್ಲಿ ಫೋಟೋ ತೆಗೆದು ಹಾಜರಿ ಹಾಕುವುದು. ‘ನಡುವೆ ಎರಡು ಗಂಟೆ ಬಿಟ್ಟು ಬನ್ನಿ’ ಎಂದು ಥೆರಪಿಯವರು ಹೇಳಿದ್ದರಂತೆ. ಎರಡನೇ ಫೋಟೋ ತಪ್ಪಿದರೆ ಆ ವರ್ಷದ ದರದ 346 ರೂಪಾಯಿ ದಿನಗೂಲಿಗೂ ತೊಂದರೆ. 2 ದಿನ ಕಚೇರಿ ಅಲೆದಾಟ. ಉಳಿದ 2 ದಿನ ಮಾತ್ರ ಹುಡುಗನಿಗೆ ರಾತ್ರಿ ಫಿಟ್ಸ್ ಬಂದು ಮನೆಯವರೆಲ್ಲ ನಿದ್ದೆಗೆಟ್ಟದ್ದು.

ಇನ್ನು ‘ಹಣದ ಅಡಚಣೆ ಕಾಣುವುದಿಲ್ಲ’ ಎಂಬ ಮಾತು. ಪತ್ರ ಬರೆದವರು ಮಾಡಿದ ಕೂಡಿಕೆ ಸರಳ: ವಿಧವಾ ಪಿಂಚಣಿ 1,600, ಮಗನ ಅಂಗವಿಕಲ ಪಿಂಚಣಿ 1,600, ಆರೈಕೆ ಮಾಡುವವರಿಗೆ ಕೊಡುವ ‘ಆಶ್ವಾಸಕಿರಣಂ’ 600. ಒಟ್ಟು 3,800. (2025ರ ನವೆಂಬರಿನಿಂದ ಪಿಂಚಣಿ 2,000 ಆಗಿದೆ. ಆಗ 1,600 ಇತ್ತು.) ಇದು ಯೋಜನೆಯ ಹಾಳೆಯಲ್ಲಿರುವ ಮೊತ್ತ. ಕೈಗೆ ಬರುತ್ತಿದ್ದದ್ದು ಮಗನ 1,600 ಮಾತ್ರ, ಅದೂ ಹೇಳಿದ ದಿನಕ್ಕಲ್ಲ. 600 ಬಾರದೆ ತಿಂಗಳುಗಳೇ ಆಗಿದ್ದವು. ವಿಧವಾ ಪಿಂಚಣಿ ನಿಂತು ಐದು ತಿಂಗಳು. ಚಿಕಿತ್ಸೆ ಉಚಿತ ಹೌದು, ಆದರೆ 13ರ ಹುಡುಗನನ್ನು ಎತ್ತಿ ಬಸ್ಸು ಹತ್ತಿಸಲು ಆಗುವುದಿಲ್ಲ. ಮನೆಯಿಂದ ಮಾರ್ಗಕ್ಕೆ ಆಟೋ ಹೋಗಿ ಬರಲು 160, ಬಸ್ಸಿಗೆ 50. ತಿಂಗಳಿಗೆ 8 ಸಲ ಹೋದರೆ 1,680. ಮಗನ ಪಿಂಚಣಿ ಪೂರ್ತಿ ಕೊಟ್ಟರೂ 80 ರೂಪಾಯಿ ಕಡಿಮೆ. ಪಿಂಕ್ ಕಾರ್ಡಿಗೆ (ಆದ್ಯತೆಯ ಕುಟುಂಬಗಳ ರೇಷನ್ ಕಾರ್ಡು) ತಿಂಗಳಿಗೆ ತಲೆಗೆ 4 ಕಿಲೋ ಅಕ್ಕಿ, 1 ಕಿಲೋ ಗೋಧಿ. ಮೂವರಿಗೆ ಅದು 15 ಕಿಲೋ. ಮೂರು ಹೊತ್ತೂ ಗಂಜಿ–ಅನ್ನ ಉಣ್ಣುವ ಮನೆಗೆ ಅದು ಹದಿನೈದು ದಿನಕ್ಕೆ ಬಂದರೆ ಹೆಚ್ಚು. ಉಳಿದದ್ದು ಅಂಗಡಿಯ ಲೆಕ್ಕದ ಪುಸ್ತಕ. ಎರಡು ಕಂತು ಒಟ್ಟಿಗೆ ಬಂದ ದಿನ ‘ಹಣ ಬಂದಿದೆ’ ಎಂದು ನರ್ಸ್ ಬರೆದುಕೊಳ್ಳುತ್ತಾರೆ. ಆ ಹಣ ಅಂಗಡಿಯವನದ್ದು, ಎರಡು ತಿಂಗಳ ಹಿಂದೆಯೇ ಖರ್ಚಾದದ್ದು. ಇಂಥವರ ಕೈಗೆ ತಿಂಗಳ ಬಜೆಟ್ ಪುಸ್ತಕ ಕೊಡುವ ರೂಢಿ ನಮ್ಮ ವೃತ್ತಿಯಲ್ಲಿ ಇದೆ. ಒಂದನೇ ತಾರೀಕಿಗೆ ಸಂಬಳ ಬರುವವರ ಪುಸ್ತಕ ಅದು.

ಮೊಬೈಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಆಧಾರಿಗೆ ಜೋಡಿಸಿದ ನಂಬರು ಅದು. ರೀಚಾರ್ಜ್ ತಪ್ಪಿ ಸಿಮ್ ಸತ್ತರೆ ಒಟಿಪಿ ಇಲ್ಲ, ಮೇಟಿನ ಮೆಸೇಜ್ ಇಲ್ಲ. ಮಹಿಳೆಯರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಕೂಟದ ಸುದ್ದಿಯೂ ಇಲ್ಲ. ಈ ಮನೆಯಲ್ಲಿ ಫೋನು ರೇಷನ್ ಕಾರ್ಡಿನಷ್ಟೇ ಮುಖ್ಯ ದಾಖಲೆ.

ಎರಡನೇ ಭೇಟಿಗೆ ಅಕ್ಕ ಒಂದು ಪ್ಲಾಸ್ಟಿಕ್ ತೊಟ್ಟೆ ತಂದಿದ್ದರು. ಒಳಗೆ ಕಾರ್ಡುಗಳು, ಮಡಿಕೆಯಲ್ಲಿ ಹರಿಯುತ್ತಿದ್ದ ಝೆರಾಕ್ಸ್‌ಗಳು, ಮಲಯಾಳದಲ್ಲಿದ್ದ ಒಂದು ನೋಟೀಸು. “ಇದು ಎಂತ ಅಂತ ಗೊತ್ತಿಲ್ಲ ಟೀಚರ್. ಕೇಳ್ಲಿಕ್ಕೆ ಹೋದ್ರೆ ಹೊಸತ್ತು ಅರ್ಜಿ ಹಾಕಿ ಅಂತ ಹೇಳಿದ್ರು.” ಓದಿಸಿದಾಗ ವಿಷಯ ಸಣ್ಣದೇ. 60 ತುಂಬದ ವಿಧವೆಯರು ಪುನರ್ವಿವಾಹ ಆಗಿಲ್ಲ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಪಂಚಾಯತಿಗೆ ಕೊಡಬೇಕು. ಅಕ್ಕ ಅಕ್ಷಯ ಕೇಂದ್ರದಲ್ಲಿ (ಸರಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಬೆರಳಚ್ಚು ಕೊಟ್ಟು ಮಸ್ಟರಿಂಗ್ ಮಾಡಿಸಿದ್ದರು, ಅದರಲ್ಲೇ ಎಲ್ಲ ಮುಗಿಯಿತೆಂದು ಭಾವಿಸಿದ್ದರು. ಎರಡೂ ಬೇರೆ ಬೇರೆ. ಮಸ್ಟರಿಂಗ್ ಜೀವಂತ ಇದ್ದೀರೆಂಬುದಕ್ಕೆ, ಈ ಪತ್ರ ವಿಧವೆಯಾಗಿಯೇ ಇದ್ದೀರೆಂಬುದಕ್ಕೆ.

ಅವರು ಮುಚ್ಚಿಟ್ಟಿದ್ದ ಒಂದು ವಿಷಯ ಬೀಡಿ. ಥೆರಪಿಯವರು ಕೇಳಿದಾಗ ‘ಕೆಲಸ ಇಲ್ಲ’ ಎಂದಿದ್ದರು. ಸುಳ್ಳು ಹೇಳುತ್ತಾರೆ ಎಂಬ ಅನುಮಾನಕ್ಕೆ ಮೂಲ ಅಲ್ಲೇ. ಬೀಡಿಯ ವಿಷಯ ಹೊರಗೆ ಬಂದರೆ ಪಿಂಚಣಿ ಹೋಗುತ್ತದೆ ಎಂದು ನೆರೆಯವರೊಬ್ಬರು ಹೆದರಿಸಿದ್ದರಂತೆ. ಬಿಳಿ ಕೋಟಿನವರು ಕೇಳಿದ್ದು ಯಾವ ಪುಸ್ತಕಕ್ಕೆ ಹೋಗುತ್ತದೆಂದು ಅವರಿಗೆ ಹೇಗೆ ತಿಳಿಯಬೇಕು? ನಾವು ಕೂತು ಲೆಕ್ಕ ಹಾಕಿದೆವು. ಬೀಡಿಯಿಂದ ತಿಂಗಳಿಗೆ ಸರಾಸರಿ 3,500ರಂತೆ ವರ್ಷಕ್ಕೆ 42,000. ತೊಳಿಲುರಪ್ಪು 40 ದಿನಕ್ಕೆ 13,840. ಒಟ್ಟು 55,840. ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1 ಲಕ್ಷ. ಹೆದರುವ ಕಾರಣವೇ ಇರಲಿಲ್ಲ. ಮಿತಿ ಎಷ್ಟೆಂಬ ಒಂದು ಅಂಕಿಯನ್ನು ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಅಕ್ಕನಿಗೆ ಕೊಟ್ಟ ಸಲಹೆ

ಹೊಸ ಅರ್ಜಿ ಹಾಕಬೇಡಿ. ಹೊಸ ಅರ್ಜಿ ಅಂದರೆ ಪುನಃ ಆದಾಯದ ಸರ್ಟಿಫಿಕೇಟು, ಪುನಃ ತನಿಖೆ, ಪುನಃ ಕಾಯುವುದು. ವಿಲೇಜ್ ಆಫೀಸರರಿಂದ ಪುನರ್ವಿವಾಹ ಆಗಿಲ್ಲ ಎಂಬ ಪತ್ರ ಮಾಡಿಸಿ ಪಂಚಾಯತಿನ ಪಿಂಚಣಿ ಸೆಕ್ಷನಿನಲ್ಲಿ ಕೊಡಿ, ಕೊಟ್ಟದ್ದಕ್ಕೆ ರಶೀದಿ ಕೇಳಿ. ಬಾಯಿಮಾತಿನಲ್ಲಿ ವಿಚಾರಿಸುವುದು ಬೇಡ, ಕನ್ನಡದಲ್ಲೇ ಬರೆದು ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಯ ಕೊನೆಗೆ ‘ಉತ್ತರ ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ’ ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಇನ್ನೊಂದು ಮಲಯಾಳ ಕಾಗದ ತೊಟ್ಟೆಗೆ ಸೇರುತ್ತದೆ.

ಮಗನ ಕೈ ಬಿಗಿದಿರುವುದರಿಂದ ಬೆರಳಚ್ಚು ಬೀಳುವುದಿಲ್ಲ. ಕತ್ತರಿ, ಎಲೆಯ ಕೆಲಸದಲ್ಲಿ ಸವೆದ ಅಕ್ಕನ ಹೆಬ್ಬೆರಳೂ ಮೂರು ಸಲ ಒತ್ತಿದ ಮೇಲೆ ಬಿದ್ದದ್ದು. ಹಾಸಿಗೆ ಹಿಡಿದವರ ಮಸ್ಟರಿಂಗ್‌ಗೆ ಅಕ್ಷಯದವರು ಮನೆಗೇ ಬರಬೇಕು, ಅದಕ್ಕೆ 50 ರೂಪಾಯಿ. ಕೇಂದ್ರದಲ್ಲಿ ಮಾಡಿಸಿದರೆ 30. ಯಂತ್ರ ಒಪ್ಪದಿದ್ದರೆ ‘ಆಗಲಿಲ್ಲ’ ಎಂದು ಮರಳಬಾರದು, ಜೀವಂತ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಡುವ ದಾರಿ ಇದೆ. ಹುಡುಗನಿಗೆ 15 ತುಂಬಿದಾಗ ಆಧಾರಿನ ಬಯೋಮೆಟ್ರಿಕ್ ಪುನಃ ಕೊಡಬೇಕು, ಅದು ಮರೆತರೆ ಮತ್ತೊಂದು ತಡೆ. 18ಕ್ಕೆ, ಸೆರೆಬ್ರಲ್ ಪಾಲ್ಸಿಯಂಥ ಅಂಗವೈಕಲ್ಯ ಇರುವವರಿಗಾಗಿ ಇರುವ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಕಾನೂನುಬದ್ಧ ಪೋಷಕತ್ವಕ್ಕೆ ಅರ್ಜಿ ಹಾಕಬೇಕು. ಈ ಎರಡು ತಾರೀಕುಗಳನ್ನು ಅಂಗವಿಕಲ ಕಾರ್ಡಿನ ಅವಧಿ ಮುಗಿಯುವ ದಿನದ ಜೊತೆ ಒಂದೇ ರಟ್ಟಿನಲ್ಲಿ ಬರೆದು ತೊಟ್ಟೆಯ ಮೇಲ್ಗಡೆ ಇಟ್ಟೆವು.

ಅಂತ್ಯೋದಯ ಹಳದಿ ಕಾರ್ಡಿಗೆ ಬದಲಿಸಲು ತಾಲೂಕು ಸಪ್ಲೈ ಆಫೀಸಿಗೆ ಅರ್ಜಿ ಬರೆಸಿದೆವು. ಸಿಕ್ಕಿದರೆ ತಿಂಗಳಿಗೆ 35 ಕಿಲೋ ಧಾನ್ಯ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಮಗನನ್ನು ಸೇರಿಸಲು ಹೇಳಿದೆವು. ವರ್ಷಕ್ಕೆ 1 ಲಕ್ಷದವರೆಗಿನ ಆ ವಿಮೆಯಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ.

ಕಳಿಸಿದವರಿಗೆ ಕೊಟ್ಟ ಸಲಹೆ

ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಕ್ಯಾಲೆಂಡರನ್ನೇ ಅವರ ಮುಂದಿಟ್ಟೆವು. ಥೆರಪಿ ಬುಧವಾರ ಅಥವಾ ಶನಿವಾರಕ್ಕೆ ಹೋಗಲಿ. ತಿಂಗಳಿಗೆ ಎಂಟು ಸಲದ ಬದಲು ನಾಲ್ಕು, ಉಳಿದದ್ದು ಮನೆಯಲ್ಲಿ. ತೊಡೆಯ ಹಿಂದಿನ ಸ್ನಾಯು, ಮೀನಖಂಡ, ತೊಡೆಯ ಒಳಬದಿ, ಈ ಮೂರನ್ನು ಮಾತ್ರ ಕಲಿಸಿ: 30 ಸೆಕೆಂಡು ಹಿಡಿಯುವುದು, ಐದೈದು ಸಲ, ಎರಡೂ ಕಾಲಿಗೆ. ಒಟ್ಟು ಕಾಲು ಗಂಟೆ. ಸಂಜೆ ಬಿಸಿನೀರಿನ ಸ್ನಾನವಾದ ಕೂಡಲೇ ಮಾಡಿದರೆ ಸ್ನಾಯು ಸಡಿಲ ಇರುತ್ತದೆ. ಹತ್ತು ವ್ಯಾಯಾಮ ಬರೆದುಕೊಟ್ಟರೆ ಒಂದೂ ಆಗುವುದಿಲ್ಲ. ಅಕ್ಕನ ಫೋನಿನಲ್ಲೇ, ಅಕ್ಕನ ಕೈಯಿಂದಲೇ ಮಾಡಿಸಿ ವಿಡಿಯೋ ತೆಗೆಯಿರಿ.

‘ನಿಮಗೆ ಪಿಂಚಣಿ ಇದೆಯಾ’ ಎಂದು ಕೇಳಬೇಡಿ. ‘ಕೊನೆಯ ಸಲ ಕೈಗೆ ಬಂದದ್ದು ಯಾವಾಗ, ಎಷ್ಟು’ ಎಂದು ಕೇಳಿ. ಅದಕ್ಕೂ ಮೊದಲು, ಈ ಉತ್ತರವನ್ನು ನೀವು ಪಂಚಾಯತಿಗೆ ಕಳಿಸುವುದಿಲ್ಲ ಎಂದು ಹೇಳಿ. ‘ಬರಲಿಲ್ಲ’ ಎಂದಷ್ಟೇ ಬರೆದರೆ ಸಾಲದು, ಯಾಕೆ ಎಂದು ಪಕ್ಕದಲ್ಲೇ ಬರೆಯಿರಿ.

ಮೂರು ತಿಂಗಳ ನಂತರ ನೋಡಿದಾಗ ವಿಧವಾ ಪಿಂಚಣಿ ಪುನಃ ಶುರುವಾಗಿತ್ತು. 600 ಬಂದಿಲ್ಲ, ಹಳದಿ ಕಾರ್ಡಿನ ಅರ್ಜಿ ಅಲ್ಲೇ ಇದೆ. ಹುಡುಗ 12ರಲ್ಲಿ 10 ಸಲ ಥೆರಪಿಗೆ ಬಂದಿದ್ದ. ಫೈಲಿನ ಹಳೆಯ ಟಿಪ್ಪಣಿಯನ್ನು ಅಳಿಸುವಂತಿಲ್ಲ. ಅದರ ಕೆಳಗೆ ಥೆರಪಿಸ್ಟ್ ತಾವೇ ಬರೆದು ಸಹಿ ಹಾಕಿದ್ದಾರೆ: “ಮಂಗಳ, ಶುಕ್ರ ಕೊಡಬಾರದು. ಜೋರು ಮಳೆಗೆ ಇವರ ಮನೆಗೆ ಆಟೋ ಇಳಿಯುವುದಿಲ್ಲ, ಆ ದಿನ ಫೋನಿನಲ್ಲಿ ವಿಚಾರಿಸುವುದು.”